ತಂತಿಯೊಳಗೆ ಈಜಿದವಳು

ಹಿಂದೆ ಒಬ್ಬ ರಾಜನಿದ್ದ. ಅವನ ಊರಿಗೆ ಹೆಸರಿಲ್ಲ, ಯಾಕೆಂದರೆ ನಮ್ಮ ಆಯಿ ಪ್ರತಿ ಸಲ ಬೇರೊಂದು ಹೆಸರು ಹೇಳುತ್ತಿದ್ದಳು. ಆ ರಾಜ ಉತ್ತರ ದಿಕ್ಕಿನ ದೇಶದಿಂದ ಮಗನಿಗೆ ಹೆಣ್ಣು ತಂದ. ಬಂದ ಹೆಣ್ಣಿಗೆ ಅರಮನೆ ಸೇರಲಿಲ್ಲ, ಗಂಡನೂ ಸೇರಲಿಲ್ಲ. ತವರಿನ ದಿಕ್ಕಿಗೆ ಮುಖ ಮಾಡಿ ಕೂತುಬಿಟ್ಟಳು. 'ಈ ಕಡೆ ತಿರುಗು' ಅಂದರು, ತಿರುಗಲಿಲ್ಲ. ಅವಳು ಕೂತ ಮಂಚವನ್ನೇ ತಿರುಗಿಸಿದರು. ಮಂಚ ತಿರುಗಿತು, ಅವಳ ಮುಖ ಮೆಲ್ಲಗೆ ಜಾರುತ್ತ ಜಾರುತ್ತ ಮತ್ತೆ ಉತ್ತರಕ್ಕೇ ಬಂತು. ರಾಜನಿಗೆ ಸಿಟ್ಟು ನೆತ್ತಿಗೇರಿತು. ಮಂತ್ರವಾದಿಯನ್ನು ಕರೆಸಿ ಅವಳನ್ನು ಸೂಜಿಯಷ್ಟು ಸಣ್ಣಗೆ ಮಾಡಿಸಿ, ಗಾಜಿನ ಮಾಳಿಗೆಯ ಹಿತ್ತಾಳೆ ಮನೆಯೊಳಗೆ ಕೂಡಿಹಾಕಿದ. ಅಲ್ಲಿಯೂ ಅವಳು ಉತ್ತರಕ್ಕೇ ಮುಖ ಮಾಡಿದಳು. ಮಂತ್ರವಾದಿ ಹೊರಡುವಾಗ ಒಂದು ಮಾತು ಹೇಳಿದ: "ಮುಟ್ಟದೆ, ಊದದೆ, ಕಬ್ಬಿಣ ತೋರಿಸದೆ ಯಾರು ಈಕೆಯನ್ನು ತಿರುಗಿಸುತ್ತಾರೋ, ಯಾವ ಕಡೆಗೆ ತಿರುಗುತ್ತಾಳೆಂದು ಮೊದಲೇ ಹೇಳುತ್ತಾರೋ, ಅವರಿಗೆ ಬಾಗಿಲು ತೆರೆಯುತ್ತದೆ."

"ಮುಂದ, ಆಯಿ?"

"ಮುಂದೇನು? ಇನ್ನ ಯಾರೂ ಬಂದಿಲ್ಲ. ಬಂದ ಮ್ಯಾಲ ಹೇಳ್ತೀನಿ."

ನಮ್ಮ ಆಯಿ, ಎಂದರೆ ನಮ್ಮಪ್ಪನ ತಾಯಿ ಯಶೋದಾಬಾಯಿ, ಕತೆಯನ್ನು ಎಂದೂ ಅದರಾಚೆಗೆ ಹೇಳಲಿಲ್ಲ. ನನಗೆ ಅಪ್ಪ ಅವ್ವ ಇರಲಿಲ್ಲ; ಕತೆಗಳಿದ್ದವು. ಆ ಹಿತ್ತಾಳೆ ಮನೆ ಮಾತ್ರ ಖರೇನೇ ಇತ್ತು. ಕಲ್ಯಾಣಿ ಊರಿನ ನಮ್ಮ ಮನೆಯ ದೇವರ ಗೂಡಿನಲ್ಲಿ, ಬೆಳ್ಳಿಯ ಖಂಡೋಬನ ಪಕ್ಕದಲ್ಲಿ. ಅಜ್ಜ ನಿಜಾಮರ ಕಾಲದ ಮೋಜಣಿ ಕೆಲಸದಲ್ಲಿದ್ದರು. ಹೊಲಗಳ ಗಡಿ ಅಳೆಯುವಾಗ ದಿಕ್ಕು ನೋಡಲು ಇಟ್ಟುಕೊಂಡಿದ್ದ ದಿಕ್ಸೂಚಿ ಅದು, ಉರ್ದುವಿನಲ್ಲಿ ಕುತುಬನುಮಾ. ಅಜ್ಜ ಹೋದ ಮೇಲೆ ಅದು ದೇವರ ಸಾಲಿಗೆ ಸೇರಿತು. ಖಂಡೇನವಮಿಯ ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಅದಕ್ಕೂ ಆರತಿ. ನಾನು ಗಾಜಿಗೆ ಮೂಗು ಒತ್ತಿ ಒಳಗಿನ ಹಟಮಾರಿಯನ್ನು ನೋಡುತ್ತ ಕೂಡುತ್ತಿದ್ದೆ. ಪೆಟ್ಟಿಗೆಯನ್ನು ಹ್ಯಾಗೆ ತಿರುಗಿಸಿದರೂ ಅವಳು ತನ್ನ ದಿಕ್ಕು ಬಿಡುತ್ತಿರಲಿಲ್ಲ. ಅವಳನ್ನು ಕಂಡರೆ ನನಗೆ ಬಹಳ ಇಷ್ಟ.

ನನಗೂ ಒಂದು ಹಟವಿತ್ತು. ಅದು ನನ್ನ ಎಡಗೈಯದು. ನಾನು ಎಡಚಿ. ಬಳಪ ಹಿಡಿದರೆ ಎಡಗೈ, ರೊಟ್ಟಿ ಮುರಿದರೆ ಎಡಗೈ. ತುಳಜಾರಾಮ ಕಾಕಾ, ಅಪ್ಪನ ತಮ್ಮ, ನನ್ನನ್ನು ಸಾಕಿದವರು, ಊಟಕ್ಕೆ ಕೂತಾಗ ಆ ಕೈಗೆ ಒಂದು ಅರಿವೆ ಸುತ್ತಿಸುತ್ತಿದ್ದರು. ಬರಬರುತ್ತ ಮನೆಗೆ ಯಾರಾದರೂ ಬಂದಾಗಲೂ ಸುತ್ತಿಸಿದರು. "ಹೆಣ್ಣ ಹುಡುಗಿ, ನಾಳೆ ಮಂದಿ ಮನ್ಯಾಗ ಎಡಗೈಲೆ ನೀಡಿದ್ರ ನಮ್ಮ ಮಾರಿ ಎಲ್ಲಿ ಇಟ್ಕೋಬೇಕು?" ಅರಿವೆಯೊಳಗೆ ನನ್ನ ಬೆರಳುಗಳು ಸುಮ್ಮನೆ ಕೂಡುತ್ತಿರಲಿಲ್ಲ.

ನಾನು ಊರಿನ ಶಾಲೆ ಮುಗಿಸಿದ ವರ್ಷ ಎರಡನೇ ಮಹಾಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ಕಾಕಾನ ಲಾರಿ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಿಂದಲೇ, ಕೆಮ್ಮುತ್ತ, ಕಲ್ಯಾಣಿಗೂ ಹುಮನಾಬಾದಕ್ಕೂ ನಡುವೆ ಓಡಾಡುತ್ತಿತ್ತು. ಖಂಡೇನವಮಿಯ ದಿನ ನಮ್ಮ ಶಾಲೆಯಲ್ಲಿ ಕಲಿಸುತ್ತಿದ್ದ ತಾಹೇರಾ ಉಸ್ತಾನಿ ಮನೆಗೆ ಬಂದರು. ಅವರನ್ನು ಹುಮನಾಬಾದದ ಶಾಲೆಗೆ ವರ್ಗ ಮಾಡಿದ್ದರು. ಬುರ್ಖಾದ ಮುಖಪರದೆ ಮೇಲೆತ್ತಿ, ಪಡಸಾಲೆಯ ಕಂಬದ ಪಕ್ಕ ನಿಂತೇ ಮಾತಾಡಿದರು.

"ತುಳಜಾರಾಮ ಸಾಹೇಬ್ರ, ಸುಂದರಾನ್ನ ನನ್ನ ಜೋಡಿ ಕಳಿಸ್ರಿ. ಇಲ್ಲಿ ಹುಡುಗ್ಯಾರ ಶಾಲಿ ಮುಗೀತು. ಅಲ್ಲಿ ಮುಂದಿನ ಜಮಾತ್, ಮ್ಯಾಲಿನ ತರಗತಿ, ಶುರು ಆಗ್ಯಾವ. ನಿಮ್ಮ ಬೀಗರ ಮನಿ ಶಾಲಿ ಬಾಜೂಕೇ ಅದ, ಅಲ್ಲೇ ಇರ್ಲಿ."

"ಉಸ್ತಾನಿಯವ್ರ, ನಿಮಗ ಇಲ್ಲ ಅನ್ನಾಕ ನಾಚಿಕಿ ಆಗ್ತದ," ಕಾಕಾ ಕೈ ಮುಗಿದರು. "ಆದ್ರ ದುಬಲಗುಂಡಿ ವೈಜಿನಾಥರ ಮಗನಿಗೆ ಕೊಡೂದಂತ ಮಾತಾಗೇದ. ಹೆಣ್ಣ ನೋಡಾಕ ಬರೂದು ಅಷ್ಟೇ ಬಾಕಿ."

"ಯಾರ ಮಾತು?" ಅಂದೆ ನಾನು. "ನನ್ನ ಯಾರೂ ಕೇಳಿಲ್ಲಲ್ರಿ, ಕಾಕಾ. ನಾ ಒಲ್ಲೆ. ನಾ ಓದ್ತೀನಿ."

ಕಾಕಾ ನಕ್ಕರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಆಗಷ್ಟೇ ಪೂಜೆ ಮುಗಿದು ಮಣೆಯ ಮೇಲಿದ್ದ ಹಿತ್ತಾಳೆ ಪೆಟ್ಟಿಗೆಯನ್ನು ಎತ್ತಿ ಅಂಗೈಯ ಮೇಲೆ ಗರಗರ ತಿರುಗಿಸಿ ನನ್ನ ಮೂಗಿನ ಕೆಳಗೆ ಹಿಡಿದರು. "ನೋಡು. ಈಕಿ ತಿರುಗ್ಯಾಳೇನು? ನಾನೂ ಅಷ್ಟೇ. ನಮ್ಮವ್ವನ ಕತಿ ನಿನಗೂ ಬರ್ತದಲ್ಲ? ಮುಟ್ಟದ, ಊದದ, ಕಬ್ಬಣ ತೋರಸದ ಈಕಿನ್ನ ತಿರುಗಸು. ಯಾ ಕಡೆ ತಿರುಗತಾಳ ಮೊದಲ ಹೇಳು. ಅವತ್ತ ನಾನ ಲಾರ್ಯಾಗ ಕುಂದ್ರಿಸಿ ಹುಮನಾಬಾದಕ್ಕ ಬಿಟ್ಟ ಬರ್ತೀನಿ."

ಕಾಕಾ ಕೂಡ ಅದೇ ತೊಡೆಯ ಮೇಲೆ ಮಲಗಿ ಅದೇ ಕತೆ ಕೇಳಿ ಬೆಳೆದವರು. ಆಗದ ಕೆಲಸ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಖರೇ ಹೇಳಾಕತ್ತೀರೇನ್ರಿ?"

"ದೇವರ ಮುಂದ ನಿಂತು ಹೇಳಾಕತ್ತೇನಿ."

"ತಿರುಗಸ್ತೀನಿ," ಅಂದೆ. ಅಂದು, ಅರಿವೆ ಸುತ್ತಿದ ಕೈಯನ್ನೇ ಪೆಟ್ಟಿಗೆಯ ಮೇಲಿಟ್ಟೆ. ಆಯಿ ಹಿಂದಿನಿಂದ ನನ್ನ ಸೊಂಟಕ್ಕೆ ಚಿವುಟಿದಳು. ಬಿಡಿಸಲಿಕ್ಕೋ ಬೆನ್ನು ತಟ್ಟಲಿಕ್ಕೋ ತಿಳಿಯಲಿಲ್ಲ.

ಉಸ್ತಾನಿಯವರನ್ನು ಬಾಗಿಲ ತನಕ ಕಳಿಸಲು ಹೋದಾಗ ಅವರ ಕಣ್ಣು ಮಿನುಗುತ್ತಿದ್ದವು. "ಬೇಟಿ, ನೀ ಹೂಂ ಅಂದದ್ದು ಬರೇ ಕತಿ ಅಲ್ಲ. ನಮ್ಮ ಕಿತಾಬಿನಾಗ ಅದ. ತಾಮ್ರದ ತಾರಿನಾಗ ಬಿಜಲಿ ಹರಿಸಿದ್ರ ಬಾಜೂಕಿನ ಸೂಜಿ ತಿರುಗ್ತದ."

"ಯಾ ಕಡೆ?"

"ಅದಕ್ಕೂ ಕಾಯ್ದೆ ಅದ. ಬಿಜಲಿ ತಾರಿನಾಗ ನದಿ ಹರಿದಂಗ ಹರೀತದ ಅನ್ಕೋ. ಆ ನದ್ಯಾಗ ಒಬ್ಬ ಈಜಗಾರ. ನೀರು ಹೋದ ಕಡೇನ ಈಜಾಕತ್ತಾನ, ಮಾರಿ ಸೂಜಿ ಕಡೆ. ಅವನ ಎಡಗೈ ಯಾ ಕಡೆ ಚಾಚತದೋ, ಸೂಜಿಯ ಬಡಗಲ ಮೂಗು ಆ ಕಡೆ ತಿರುಗ್ತದ."

"ಯಾ ಕೈ ಅಂದ್ರಿ?"

"ಎಡಗೈ."

"ಬರೋಬರಿ ನೆನಪ ಮಾಡಿ ಹೇಳ್ರಿ, ಉಸ್ತಾನಿ."

"ಬಾಯಾಂ ಹಾತ್ ಅಂತ ಛಾಪಾ ಆಗ್ಯದ, ನಾ ಏನ ಮಾಡ್ಲಿ!" ಉಸ್ತಾನಿ ನನ್ನ ಅರಿವೆ ಸುತ್ತಿದ ಕೈ ನೋಡಿ ನಕ್ಕರು. ಆದರೆ ತಾವೂ ಅದನ್ನು ಕಣ್ಣಾರೆ ಕಂಡಿಲ್ಲ, ಓದಿದ್ದಷ್ಟೇ ಎಂದರು. ಕಲ್ಯಾಣಿಯಲ್ಲಿ ಆಗ ಬಿಜಲಿ ಎನ್ನುವುದು ಮಳೆಗಾಲದ ಮುಗಿಲಿನಲ್ಲಿ ಬಿಟ್ಟರೆ ಕಾಕಾನ ಲಾರಿಯ ಬ್ಯಾಟರಿಯಲ್ಲಿ ಮಾತ್ರ ಇತ್ತು.

ನದಿಯೊಳಗಿನ ಆ ಈಜುಗಾರನನ್ನು ನಾನು ಆ ದಿನವೇ ಕಳಿಸಿಬಿಟ್ಟೆ. ಅವನ ಜಾಗದಲ್ಲಿ ಆಯಿಯ ಕತೆಯ ಹುಡುಗಿಯೊಬ್ಬಳನ್ನು ಇಳಿಸಿದೆ. ಉದ್ದ ಜಡೆ, ಗೆಜ್ಜೆ ಇಲ್ಲ, ಎಡಗೈಗೆ ಅರಿವೆ ಇಲ್ಲ. ತಾಮ್ರದ ಹೊಳೆಯಲ್ಲಿ ಅವಳು ಹಗಲೆಲ್ಲ ಈಜುತ್ತಿದ್ದಳು, ನಾನು ರೊಟ್ಟಿ ಬಡಿಯುವಾಗಲೂ.

ದಸರೆಯ ಮರುವಾರ, ಲಾರಿಯ ಬ್ಯಾಟರಿ ಬೇಕೆಂದು ನಾನು ಹಟ ಹಿಡಿದದ್ದಕ್ಕೆ, ಕಾಕಾ ನನ್ನನ್ನು ಹುಮನಾಬಾದಕ್ಕೆ ಕರೆದುಕೊಂಡು ಹೋದರು. ಲಾರಿ ಅಲ್ಲಿಯ ಮಂಡಿಯ ಅಂಗಳದಲ್ಲಿ ನಿಂತಿತ್ತು. ಡ್ರೈವರ್ ಮಹೆಬೂಬ ಬ್ಯಾಟರಿ ಬಿಚ್ಚಿ ತೊಳೆಯುತ್ತಿದ್ದ. ನನ್ನ ಶರ್ತದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ತೊಗರಿ ಚೀಲ ಹೊರುವವರು, ಬೆಲ್ಲದ ವ್ಯಾಪಾರಿಗಳು ಎಲ್ಲ ಕೂಡಿದ್ದರು. ಉಸ್ತಾನಿಯವರೂ ಬಂದಿದ್ದರು.

"ಎರಡೂ ತುದಿ ಸೀದಾ ಕೂಡಿಸಿದ್ರ ತಂತಿ ಸುಟ್ಟ ಹೋಗ್ತದ ಬೇಟಿ, ನನ್ನ ಬ್ಯಾಟ್ರೀನೂ ಹೋಗ್ತದ," ಅಂದ ಮಹೆಬೂಬ. ನಡುವೆ ಹೆಡ್‌ಲೈಟಿನ ಬಲ್ಬು ಸೇರಿಸಿದ. ಬಿಜಲಿ ಹೊರಡುವ ತುದಿಗೆ ಕೆಂಪು ಚಿಂದಿ ಕಟ್ಟಿದ. "ಇಲ್ಲಿಂದ ಹೊರಡತದ, ಆ ಕಡೆಯಿಂದ ಮನಿಗೆ ಬರ್ತದ."

ಲಾರಿಯ ಕಬ್ಬಿಣ ಸೂಜಿಯನ್ನು ಎಳೆಯದಂತೆ ದೂರದ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟೆವು. ಸೂಜಿ ಉತ್ತರಕ್ಕೆ ನಿಂತಿತು. ಅದು ಮಲಗಿದ ಗುಂಟ, ಗಾಜಿನ ಮೇಲೆ ತಂತಿ ಎಳೆದೆವು. ಕೆಂಪು ಚಿಂದಿಯ ತುದಿ ಉತ್ತರಕ್ಕಿತ್ತು. ಅಂದರೆ ಹೊಳೆ ದಕ್ಷಿಣಕ್ಕೆ ಹರಿಯಬೇಕು. ನಾನು ಕಣ್ಣು ಮುಚ್ಚಿದೆ. ನನ್ನ ಹುಡುಗಿ ಉತ್ತರದಲ್ಲಿ ಧುಮುಕಿದಳು. ದಕ್ಷಿಣಕ್ಕೆ ಈಜಿದಳು. ಕೆಳಗೆ, ಗಾಜಿನಾಚೆ, ಹಟಮಾರಿ ಕಂಡಳು. ಹುಡುಗಿ ಎಡಗೈ ಚಾಚಿದಳು.

"ಮೂಡಲಕ್ಕ ತಿರುಗ್ತಾಳ," ಅಂದೆ.

ಮಹೆಬೂಬ ತಂತಿ ತಾಗಿಸಿದ. ಬಲ್ಬು ಹತ್ತಿತು. ನನ್ನ ಹುಟ್ಟಿನಿಂದ ಒಮ್ಮೆಯೂ ತಿರುಗದಿದ್ದ ಸೂಜಿ ಒಂದು ಕ್ಷಣ ನಡುಗಿತು. ಆಮೇಲೆ, ಯಾರೋ ಹೆಸರು ಹಿಡಿದು ಕರೆದಂತೆ, ಪೂರ್ವಕ್ಕೆ ಹೊರಳಿತು. ತಂತಿ ತೆಗೆದೊಡನೆ ತೂಗಾಡುತ್ತ ತನ್ನ ಜಾಗಕ್ಕೆ ಬಂತು.

ಬೆಲ್ಲದ ವ್ಯಾಪಾರಿಯೊಬ್ಬ ಚಪ್ಪಲಿ ಬಿಟ್ಟು ಕೈ ಮುಗಿದ. ಕಾಕಾ ಮುಗಿಯಲಿಲ್ಲ. "ಇರೂದ ಎರಡ ಕಡೆ. ಯಾವ್ದಾರೆ ಒಂದ ಹೇಳಿದ್ರ ಒಮ್ಮೊಮ್ಮೆ ತಾಕತದ," ಅಂದರು. ಪೆಟ್ಟಿಗೆ ಎತ್ತಿ, ತಂತಿಯನ್ನು ಅದರ ಕೆಳಗೆ ಹಾಸಿ, ಮೇಲೆ ಪೆಟ್ಟಿಗೆ ಇಟ್ಟರು. "ಈಗ?"

"ಏನ ಬದಲಾತ್ರಿ ಕಾಕಾ? ಕೆಂಪು ಚಿಂದಿ ಅಲ್ಲೇ ಅದ, ಹೊಳಿ ಆ ಕಡೇನ ಹರಿಯಾಕತ್ತದ. ಮೂಡಲಕ್ಕ."

ಬಲ್ಬು ಹತ್ತಿತು. ಸೂಜಿ ಪಶ್ಚಿಮಕ್ಕೆ ತಿರುಗಿತು.

ನಗು ಎದ್ದಿತು. "ಎಡಚಿ ಲೆಕ್ಕಾ ನೋಡ್ರೋ!" ಎಂದು ಯಾರೋ ಕೂಗಿದರು. ಉಸ್ತಾನಿಯವರು ಬುರ್ಖಾದೊಳಗಿಂದ 'ಯಾ ಅಲ್ಲಾ' ಎಂದದ್ದು ನನಗೊಬ್ಬಳಿಗೇ ಕೇಳಿಸಿತು. ಕಾಕಾ ಪೆಟ್ಟಿಗೆಯನ್ನು ಪಂಚೆಯ ತುದಿಯಿಂದ ಒರೆಸಿ ಜೇಬಿಗಿಟ್ಟರು. "ಸೋತಿ. ನಡಿ ಮನಿಗೆ."

"ಸೋತಿಲ್ರಿ. ತಿರುಗಿತಲ್ಲ!"

"ತಿರುಗಿತು. ನೀ ಹೇಳಿದ ಕಡೆ ಅಲ್ಲ."

"ಒಮ್ಮೆನ ಕೇಳಬೇಕಂತ ಕತ್ಯಾಗ ಎಲ್ಲ್ಯದ? ಆಯೀನ್ನ ಕೇಳ್ರಿ. ಕತಿ ಆಕೀದು."

ಮನೆಗೆ ಬಂದೊಡನೆ ಪಂಚಾಯಿತಿ ಆಯಿಯ ಮುಂದೆ ಬಂತು. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ಯಾ ಕತ್ಯಾಗರ ಮೊದಲನೇ ಸಲಕ್ಕ ಕೆಲಸ ಆಗ್ಯದೇನೋ, ತುಳಜಾ?" ಅಂದಳು. "ಆದ್ರ ಅದು ಕತಿ ಹ್ಯಾಂಗ ಆಗ್ತದ? ಅಲ್ಲಿಗೇ ಮುಗೀತಲ್ಲ!"

"ಅವ್ವಾ, ನೀ ಮತ್ತ ಆಕಿ ಕಡೆ..."

"ನಾ ಕತಿ ಕಡೆ."

ಕಾಕಾ ಜೇಬಿನಿಂದ ಪೆಟ್ಟಿಗೆ ತೆಗೆದು ದೇವರ ಗೂಡಿನಲ್ಲಿಟ್ಟರು. "ಆತು. ದುಬಲಗುಂಡಿಯವರು ಬಂದ ದಿನ, ಅವರ ಎದುರಿಗೇ ಮಾಡಲಿ. ತಂತಿ ನಾ ಹಾಕಾಂವ. ತಪ್ಪಿದ್ರ ಅಲ್ಲೇ, ಆ ಗಳಿಗ್ಯಾಗೇ ಕುಂಕುಮ ಹಚ್ಚೂದು. ಆಮ್ಯಾಲ ಕತಿ ಇಲ್ಲ, ಕಿತಾಬಿಲ್ಲ."

"ಹೂಂ," ಅಂದೆ.

ಹೂಂ ಅಂದೆ, ಆದರೆ ಸೂಜಿ ಯಾಕೆ ಪಶ್ಚಿಮಕ್ಕೆ ತಿರುಗಿತೆಂದು ನನಗೆ ಗೊತ್ತಿರಲಿಲ್ಲ. ಹೊಳೆ ಅದೇ, ಹುಡುಗಿ ಅವಳೇ, ಎಡಗೈ ಅದೇ. ಬದಲಾದದ್ದು ಒಂದೇ: ಮೊದಲು ಸೂಜಿ ಹೊಳೆಯ ಕೆಳಗಿತ್ತು, ಆಮೇಲೆ ಮೇಲಿತ್ತು. ಅಷ್ಟಕ್ಕೆ ಎಡಗೈ ಎಲ್ಲಿಗೆ ಹೋಗುತ್ತದೆ? ಹಗಲು ಯೋಚನೆ ಮಾಡುತ್ತ ಹಾಲು ಉಕ್ಕಿಸಿದೆ, ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಹುಮನಾಬಾದಕ್ಕೆ ಹೋಗುವುದೂ ದುಬಲಗುಂಡಿಗೆ ಹೋಗುವುದೂ ಒಂದು ಬೆರಳುದ್ದದ ಸೂಜಿಯ ಮೇಲೆ ನಿಂತಿತ್ತು. ಕೊನೆಗೆ, ತಲೆಗೆ ಹೊಳೆಯದ್ದನ್ನು ಮೈಗೆ ಕೇಳಬೇಕು ಎನ್ನಿಸಿತು.

ಊರ ಹೊರಗೆ ನಮ್ಮ ಹೊಲದಲ್ಲಿ ಮೆಟ್ಟಿಲಬಾವಿಯಿದೆ. ಮೆಟ್ಟಿಲು ಉತ್ತರಕ್ಕೆ. ಪೂರ್ವಕ್ಕೆ ಒಂದು ಅತ್ತಿಮರ. ಪಶ್ಚಿಮಕ್ಕೆ ಎತ್ತುಗಳು ಮೋಟ ಎಳೆದು ನೀರು ಎತ್ತುವ ಕಟ್ಟೆ. ಸಣ್ಣವಳಿದ್ದಾಗ ನಾನು ಅಲ್ಲೇ ಈಜು ಕಲಿತದ್ದು, ನಮ್ಮ ಕಡೆಯ ಮಕ್ಕಳೆಲ್ಲ ಕಲಿಯುವ ಹಾಗೆ: ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುತ್ತಾರೆ, ಬುರುಡೆ ಮೇಲೆ ಎಳೆಯುತ್ತದೆ, ನಾವು ಮುಖ ಕೆಳಗೆ ಮಾಡಿ ಕೈಕಾಲು ಬಡಿಯುತ್ತೇವೆ. ದೊಡ್ಡವಳಾದ ಮೇಲೆ ಬಾವಿಗೆ ಇಳಿಯುವುದು ಬಂದ್ ಆಗಿತ್ತು.

ಆ ಮಧ್ಯಾಹ್ನ ಆಯಿ ದಂಡೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಸೀರೆಯನ್ನು ಕಚ್ಚೆ ಕಟ್ಟಿದೆ.

"ಏನ ಮಾಡಾಕತ್ತಿ?"

"ಈಜಾಕತ್ತೇನಿ."

"ಯಾರರೆ ನೋಡಿದ್ರ?"

"ಯಾರರೆ ಬಂದ್ರ ನೀ ಕೆಮ್ಮು." ಅವಳು ಬೈಯುವುದರೊಳಗೆ ನಾನು ನೀರಿನಲ್ಲಿದ್ದೆ.

ಮೆಟ್ಟಿಲ ಕಡೆಯಿಂದ ದಕ್ಷಿಣದ ಗೋಡೆಗೆ ಈಜಿದೆ, ಹುಮನಾಬಾದದ ತಂತಿಯಲ್ಲಿ ನನ್ನ ಹುಡುಗಿ ಈಜಿದಂತೆಯೇ. ಎಡಗೈ ಚಾಚಿದೆ. ಅತ್ತಿಮರದ ಕಡೆ, ಪೂರ್ವ. ಸೂಜಿ ಕೆಳಗೆ, ಬಾವಿಯ ತಳದಲ್ಲಿದೆ ಅಂದುಕೊಂಡೆ. ಸರಿ, ಕಾಣುತ್ತದೆ. ಈಗ ಸೂಜಿ ಮೇಲಿದೆ, ಅತ್ತಿಯ ಟೊಂಗೆಯಲ್ಲಿ ತೂಗುತ್ತಿದೆ ಅಂದುಕೊಂಡೆ. ಮತ್ತೆ ಈಜಿದೆ. ಕಂಡದ್ದು ಹಸಿರು ಕತ್ತಲು, ಮೀನುಮರಿ. ಸೂಜಿ ಎಲ್ಲಿ? ನನ್ನ ಬೆನ್ನ ಹಿಂದೆ! ಉಸ್ತಾನಿ ಏನೆಂದಿದ್ದರು? ಮ್ಮ್... ಮಾರಿ ಸೂಜಿ ಕಡೆ.

ಮಾರಿ ಸೂಜಿ ಕಡೆ! ಅಷ್ಟನ್ನು ನಾನೂ ನನ್ನ ತಂತಿಯ ಹುಡುಗಿಯೂ ಕೇಳಿಯೂ ಕೇಳಿರಲಿಲ್ಲ. ಕಲ್ಯಾಣಿಯ ಬಾವಿಗಳಲ್ಲಿ ಈಜುವವರ ಮುಖ ಕೆಳಗಲ್ಲದೆ ಇನ್ನೆಲ್ಲಿ ಇರುತ್ತದೆ? ಬುರುಡೆ ಕಟ್ಟಿದ ಬೆನ್ನನ್ನು ಯಾರು ನೀರಿಗೆ ಹಚ್ಚುತ್ತಾರೆ? ನಮ್ಮಲ್ಲಿ ನೀರಿನ ಮೇಲೆ ಮುಖ ಮುಗಿಲಿಗೆ ಮಾಡಿ ತೇಲುವುದು ಒಂದೇ ಒಂದು. ಅದು ಹೆಣ.

ನಾನು ಉಸಿರು ತುಂಬಿಕೊಂಡು ಅಂಗಾತ ತಿರುಗಿದೆ. ಮೂಗಿಗೆ ನೀರು ಹೋಯಿತು. ಮತ್ತೆ ತಿರುಗಿದೆ. ಈ ಸಲ ನೀರು ಹಿಡಿದುಕೊಂಡಿತು. ಮೇಲೆ ದುಂಡಗೆ ಮುಗಿಲು, ಮುಗಿಲಿನಲ್ಲಿ ಅತ್ತಿಯ ಟೊಂಗೆ. ತಲೆ ದಕ್ಷಿಣಕ್ಕೇ ಇಟ್ಟು ಕಾಲು ಬಡಿಯುತ್ತ ಎಡಗೈಯನ್ನು ಮೆಲ್ಲಗೆ ಚಾಚಿದೆ.

"ಅಯ್ಯೋ ನನ್ನ ಕೂಸಽ!" ಆಯಿಯ ಕೂಗಿಗೆ ಅತ್ತಿಮರದ ಗಿಳಿಗಳು ಹಾರಿದವು. "ಸುಂದರೀ! ಏಳಽ! ಯಾರರೆ ಬರ್ರೋ!"

"ಆಯಿ, ಕಿರಚಬ್ಯಾಡ! ನನ್ನ ಎಡಗೈ ಯಾ ಕಡೆ ಅದ?"

"ಜೀವಂತ ಇದ್ದೀಯೇನಽ ಹುಚ್ಚಿ! ಹೆಣ ತೇಲಿದಂಗ ತೇಲಾಕತ್ತೀಯಲ್ಲ!"

"ಕೈ ಯಾ ಕಡೆ ಅದ, ಹೇಳು!"

"ಮೋಟದ ಕಡೆ ಅದ! ಮಗ್ಗಲಾ ತಿರುಗು ಮೊದಲ!"

ಮೋಟದ ಕಡೆ. ಪಶ್ಚಿಮ. ಸೂಜಿ ತಿರುಗಿದ ಕಡೆ! ನಾನು ನಕ್ಕೆ, ನೀರು ಕುಡಿದೆ, ಮತ್ತೆ ನಕ್ಕೆ. ದಂಡೆಗೆ ಬಂದಾಗ ಆಯಿ ಒಂದು ಕೈಯಿಂದ ಬೆನ್ನಿಗೆ ಗುದ್ದಿದಳು, ಇನ್ನೊಂದರಿಂದ ತಲೆ ಒರೆಸಿದಳು. ಅವರೆಕಾಳೆಲ್ಲ ಮಣ್ಣುಪಾಲಾಗಿತ್ತು.

ದುಬಲಗುಂಡಿಯವರು ನಮ್ಮದೇ ಲಾರಿಯಲ್ಲಿ ಬಂದರು. ವೈಜಿನಾಥರು ಮುಂದಿನ ಸೀಟಿನಲ್ಲಿ, ಅವರ ಹೆಂಡತಿಯೂ ಉಸ್ತಾನಿಯವರೂ ಹಿಂದೆ ಜಮಖಾನೆಯ ಮೇಲೆ. ಅಂಗಳದಲ್ಲಿ ಗಾದಿ ಹಾಸಿತ್ತು. ತಟ್ಟೆಯಲ್ಲಿ ಕುಂಕುಮ, ಉಡಿಯಕ್ಕಿ, ಹಸಿರು ಕುಪ್ಪಸದ ಬಟ್ಟೆ ಸಿದ್ಧವಾಗಿದ್ದವು. ಅವುಗಳ ಪಕ್ಕದಲ್ಲೇ ಬ್ಯಾಟರಿ, ಬಲ್ಬು, ತಂತಿ, ಮಣೆಯ ಮೇಲೆ ಹಿತ್ತಾಳೆ ಪೆಟ್ಟಿಗೆ.

"ನಾವು ಹೆಣ್ಣ ನೋಡಾಕ ಬಂದೀವಿ, ಗಾರುಡಿ ಆಟ ನೋಡಾಕ ಅಲ್ಲ," ವೈಜಿನಾಥರು ಮೀಸೆ ತೀಡಿದರು.

"ಮಾತು ಕೊಟ್ಟೀನ್ರಿ, ಜರಾ ಕುಂದರ್ರಿ," ಅಂದರು ಕಾಕಾ. "ಒಂದ ಗಳಿಗಿ ಕೆಲಸ."

ಅವರ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೈಗೆ ಅರಬಿ ಯಾಕ ಕಟ್ಟೀರಿ? ಗಾಯ ಆಗ್ಯದೇನವಾ?"

ಕಾಕಾ ಬಾಯಿ ತೆರೆಯುವುದರೊಳಗೆ ನಾನು ಹಲ್ಲಿನಿಂದ ಗಂಟು ಬಿಚ್ಚಿದೆ. "ಗಾಯ ಇಲ್ರಿ ಅತ್ತೀ. ನಾ ಎಡಚಿ. ಮುಚ್ಚಿಟ್ಟಾರ." ಅರಿವೆಯನ್ನು ಮಡಿಚಿ ಕುಂಕುಮದ ತಟ್ಟೆಯ ಮೇಲಿಟ್ಟೆ. ಕಾಕಾನ ಕಿವಿ ಕೆಂಪಾದವು.

ಅವರು ತಂತಿಯನ್ನು ಪೆಟ್ಟಿಗೆಯ ಕೆಳಗೆ ಹಾಸಿದರು. ಕೆಂಪು ಚಿಂದಿ ಉತ್ತರಕ್ಕೆ. ನಾನು ಸೋತ ಜಾಗದಿಂದಲೇ ಶುರು.

"ಪಡುವಲಕ್ಕ," ಅಂದೆ, ಎಡಗೈ ಚಾಚಿ.

ಬಲ್ಬು ಹತ್ತಿತು. ಸೂಜಿ ಪಶ್ಚಿಮಕ್ಕೆ ಹೊರಳಿತು. ಉಸ್ತಾನಿ 'ಶಾಬಾಶ್' ಅಂದರು. ಆದರೆ ವೈಜಿನಾಥರು ಕೈ ಅಡ್ಡ ಆಡಿಸಿದರು. "ಹೋದ ಸಲ ಹುಮನಾಬಾದದಾಗೂ ಹಿಂಗಽ ತಿರುಗಿತ್ತಂತಲ್ಲ. ಎಲ್ಲಾರೂ ನೋಡ್ಯಾರ. ನೋಡಿದ್ದನ್ನ ಹೇಳಾಕ ಏನ ಬುದ್ಧಿ ಬೇಕ್ರಿ?"

ಕಾಕಾಗೆ ಉಸಿರು ಬಂದಂತಾಯಿತು. "ಖರೇ ಅದ. ಮಹೆಬೂಬ, ತುದಿ ಅದಲ ಬದಲ ಮಾಡು. ಕೆಂಪು ಚಿಂದಿ ತೆಂಕಲಕ್ಕ ಬರ್ಲಿ. ತಂತಿ ಕೆಳಗೇ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ನೀ ನೋಡಿಲ್ಲ. ಯಾರೂ ನೋಡಿಲ್ಲ. ಇದಽ ಕಡೀದು. ಹೇಳು."

ನಾನು ಕಣ್ಣು ಮುಚ್ಚಿದೆ. ಹುಡುಗಿ ದಕ್ಷಿಣದಲ್ಲಿ ಧುಮುಕಿದಳು. ಈ ಸಲ ಅವಳ ಹೊಳೆ ಉತ್ತರಕ್ಕೆ ಹರಿಯುತ್ತಿತ್ತು, ಹಟಮಾರಿಯ ತವರಿನ ಕಡೆಗೆ. ಅಂಗಾತ ತಿರುಗಿದಳು. ಅಷ್ಟರಲ್ಲಿ ವೈಜಿನಾಥರು ಕೆಮ್ಮಿದರು, ಹೊಳೆ ಒಡೆದುಹೋಯಿತು. ಎಡಗೈ ಮೋಟದ ಕಡೆಯೋ, ಅತ್ತಿಮರದ ಕಡೆಯೋ? ಎಲ್ಲ ಕಲೆಸಿತು. ಕುಂಕುಮದ ತಟ್ಟೆ ಒಂದೇ ಕಂಡಿತು.

"ಬಾಯಿ ಕಟ್ಟಿತು," ಅಂದರು ವೈಜಿನಾಥರು.

ಮೈಗೆ ಕೇಳಬೇಕು. ಅಷ್ಟು ನೆನಪಾಯಿತು. ನಾನು ಮಣೆಯ ಪಕ್ಕ ಅಂಗಳದ ನೆಲದ ಮೇಲೆ ಕೂತೆ. ಆಮೇಲೆ, ಅವರೆಲ್ಲರ ಎದುರಿಗೆ, ತಲೆ ಉತ್ತರಕ್ಕೆ ಹಾಕಿ ಅಂಗಾತ ಮಲಗಿದೆ.

"ಶಿವ ಶಿವಾ!" ವೈಜಿನಾಥರ ಹೆಂಡತಿ ಎದ್ದು ನಿಂತರು. "ಬಡಗಲಕ್ಕ ತಲಿ ಹಾಕಿ ಮಲಗ್ಯಾಳಲ್ರೀ! ಹೆಣಾ ಮಲಗಿಸಿದಂಗ!"

"ಸುಂದರಾ! ಏಳ ಮ್ಯಾಲ!" ಕಾಕಾ ಗರ್ಜಿಸಿದರು.

"ಏಳಂಗಿಲ್ರಿ. ಹೇಳಿ ಏಳ್ತೀನಿ."

"ನೋಡ್ರಿ ತುಳಜಾರಾಮ, ಈ ಹುಡುಗಿನ್ನ ನಾವು—"

"ಸುಮ್ಮನ ಕುಂದರ್ರಿ ಬೀಗರ," ಆಯಿಯ ದನಿ ಬಾಗಿಲಿನಿಂದ ಬಂತು. "ಬಾವ್ಯಾಗ ಇದನ್ನ ಮಾಡಿದಾಗ ನಾನೂ ಸತ್ತಾಳಂತ ಅತ್ತಿದ್ದೆ. ಸಾಯಂಗಿಲ್ಲ ಆಕಿ."

ಅಂಗಳದ ಮೇಲೆ ಮುಗಿಲು ಚೌಕಾಗಿ ಕಾಣುತ್ತಿತ್ತು. ಬೆನ್ನ ಕೆಳಗಿನ ನೆಲ ತಣ್ಣಗೆ ಹರಿಯತೊಡಗಿತು. ಹೊಳೆ ಕಾಲಿನಿಂದ ತಲೆಯ ಕಡೆಗೆ, ದಕ್ಷಿಣದಿಂದ ಉತ್ತರಕ್ಕೆ. ಮುಖ ಮೇಲೆ, ಹಟಮಾರಿಯ ಕಡೆ. ನಾನು ನನ್ನ ಎಡಗೈಯನ್ನು, ಊಟಕ್ಕೆ ಬಾರದ, ಆರತಿಗೆ ಬಾರದ, ಯಾರಿಗೂ ತೋರಿಸಬಾರದ ಆ ಕೈಯನ್ನು, ಭುಜದಿಂದ ಬೆರಳ ತುದಿಯ ತನಕ ಪೂರ್ತಿ ಚಾಚಿದೆ. ಬೆರಳು ತಲೆಬಾಗಿಲಿಗೆ ನೆಟ್ಟವು. ಬಾಗಿಲಾಚೆ ರಸ್ತೆ. ರಸ್ತೆಯ ಮೇಲೆ ಲಾರಿ, ಅದರ ಮೂತಿ ಬಂದ ದಾರಿಗೇ ತಿರುಗಿತ್ತು.

"ಮೂಡಲಕ್ಕ," ಅಂದೆ. "ಹುಮನಾಬಾದದ ಕಡೆ."

ಮಹೆಬೂಬ ತಂತಿಯ ತುದಿ ಹಿಡಿದು ಕಾಕಾನ ಮುಖ ನೋಡಿದ.

"ಹಚ್ಚೋ ಮಹೆಬೂಬ," ಅಂದರು ಕಾಕಾ, ಬಹಳ ಮೆಲ್ಲಗೆ.

ಮಲಗಿದ ಜಾಗದಿಂದ ನನಗೆ ಸೂಜಿ ಕಾಣುತ್ತಿರಲಿಲ್ಲ. ಬಲ್ಬಿನ ಬೆಳಕು ಕಾಕಾನ ಗದ್ದದ ಕೆಳಗೆ ಬಿದ್ದದ್ದು ಕಂಡಿತು. ಅವರು ಪೆಟ್ಟಿಗೆಯ ಮೇಲೆ ಬಗ್ಗಿದ್ದರು. ಗಾಜಿಗೆ ಬೆರಳಿನಿಂದ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಆಮೇಲೆ ಅವರ ತಲೆ, ತಮಗೇ ತಿಳಿಯದ ಹಾಗೆ, ನಿಧಾನವಾಗಿ ತಲೆಬಾಗಿಲ ಕಡೆ ಹೊರಳಿತು, ಸೂಜಿಯ ಹಿಂದೆಯೇ.

"ತಿರುಗಿದಳೇನೋ?" ಆಯಿ ಕೇಳಿದಳು.

ಕಾಕಾ ಕುಂಕುಮದ ತಟ್ಟೆಯನ್ನು ಕಾಲಿಗೆ ತಾಗದಂತೆ ಗೋಡೆಯ ಬದಿಗೆ ಸರಿಸಿದರು.

"ತಿರುಗಿದಳವ್ವಾ," ಅಂದರು. "ಮಹೆಬೂಬ, ಒಲಿಗೆ ಇದ್ದಲಿ ತುಂಬು. ಹುಮನಾಬಾದಕ್ಕ ಹೋಗಬೇಕು."

"ತುಂಬ್ತೀನ್ರಿ ಸಾಹೇಬ್ರ," ಅಂದ ಮಹೆಬೂಬ, "ಆದ್ರ ಆಕಿನ್ನ ಏಳಾಕ ಹೇಳ್ರಿ. ನನ್ನ ತಂತಿ ಆಕಿ ಬೆನ್ನಿನ ಕೆಳಗ ಸಿಕ್ಕೇದ."